ಗೃಹಸ್ಥನ ಪುಟ: ಬಳೆಯ ಹಣದಲ್ಲಿ ದ್ವೀಪವಾಸ

ಹಾಸನದ ಕಡೆಯ ಸೋದರಿಯೊಬ್ಬರು ಕಳೆದ ತಿಂಗಳು ಈ ಪುಟಕ್ಕೆ ಒಂದು ಪತ್ರ ಬರೆದಿದ್ದಾರೆ. ಯಜಮಾನರದು ತಿಂಗಳ ಸಂಬಳದ ಉದ್ಯೋಗ, ಮಕ್ಕಳಿಬ್ಬರು, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೋ ಶೃಂಗೇರಿಗೋ ಹೋಗಿಬರುವುದು ವಾಡಿಕೆ. ಈಗ ಮಕ್ಕಳು ಸಮುದ್ರದ ನಡುವಣ ದ್ವೀಪವೊಂದನ್ನು ನೋಡಬೇಕೆಂದು ಹಟ ಹಿಡಿದಿದ್ದಾರಂತೆ. ದ್ವೀಪವೆಂಬುದು ಸಿರಿವಂತರು ಹೋಗತಕ್ಕ ಸ್ಥಳವೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿರುವರಾದ್ದರಿಂದ, ನಮ್ಮಂಥವರಿಗೆ ಅದು ಎಟಕುವುದುಂಟೇ, ಎಟಕುವುದಾದರೆ ಹೇಗೆ, ಎಂಬುದು ಅವರ ಪ್ರಶ್ನೆ.

ಎಟಕುವುದುಂಟು. ಹೇಗೆಂಬುದನ್ನು ಪುಸ್ತಕ ನೋಡಿ ಹೇಳುವುದಕ್ಕಿಂತ ಸ್ವಂತ ಅನುಭವದಿಂದ ಹೇಳುವುದೇ ಮೇಲು. ಅನುಭವವೆಂದರೆ ಅದರಲ್ಲಿ ನಮ್ಮ ತಪ್ಪುಗಳೂ ಸೇರಿವೆಯೆಂದು ವಾಚಕರು ತಿಳಿಯತಕ್ಕದ್ದು.

ನಮ್ಮ ಮನೆಯಾಕೆ ಅಂಚೆ ಕಛೇರಿಯಲ್ಲಿ ತಿಂಗಳು ತಿಂಗಳು ಹಣ ಕಟ್ಟುವ ಐದು ವರ್ಷದ ಖಾತೆಯೊಂದನ್ನು ಇಟ್ಟಿದ್ದಳು. ಜೊತೆ ಬಳೆ ಮಾಡಿಸಿಕೊಳ್ಳಬೇಕೆಂಬುದು ಅದರ ಉದ್ದೇಶ. ಅವಧಿ ಮುಗಿದು ಹಣ ಕೈಗೆ ಬಂದಾಗ ನೋಡಿದರೆ, ಆ ಐದು ವರ್ಷಗಳಲ್ಲಿ ಚಿನ್ನದ ಧಾರಣೆ ಏರಿದ ಪರಿಯಿಂದ, ಜೊತೆ ಬಳೆಯ ಹಣ ಒಂಟಿ ಬಳೆಗೂ ಸಾಲದಾಗಿತ್ತು. ಉಳಿದದ್ದನ್ನು ನಾನು ಸೇರಿಸುವೆನೆಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಳೆ ಬೇಡ. ನೀರು ನೋಡಬೇಕು” ಎಂದಳು. ಆಕೆ ಹುಟ್ಟಿ ಬೆಳೆದದ್ದು ಚಳ್ಳಕೆರೆಯ ಸೀಮೆಯಲ್ಲಿ. ತನ್ನ ಊರಿನ ಕೆರೆ ತುಂಬಿ ಕೋಡಿ ಬಿದ್ದದ್ದನ್ನು ಬಾಲ್ಯದಲ್ಲಿ ಎರಡೇ ಸಲ ಕಂಡವಳು.

ನನ್ನ ಅಕ್ಕನಿಗೆ ಈ ಮಾತು ಸ್ವಲ್ಪವೂ ಸರಿಬೀಳಲಿಲ್ಲ. “ಕೈಗೆ ಬರುವುದನ್ನು ಬಿಟ್ಟು ಕಣ್ಣಿಗೆ ಬರುವುದಕ್ಕೆ ದುಡ್ಡು ಸುರಿಯುತ್ತಾರೇನೋ?” ಎಂದು ನನ್ನನ್ನು ಗದರಿಸಿದಳು. ಅಕ್ಕನ ಮಾತಿನಲ್ಲಿ ನ್ಯಾಯವಿಲ್ಲವೆನ್ನುವಂತಿರಲಿಲ್ಲ. ಆದಕಾರಣ ಒಂದು ರೂಪಾಯಿಯೂ ಪೋಲಾಗಬಾರದೆಂಬ ಸಂಕಲ್ಪದಿಂದಲೇ ನಾವು ಅಂಡಮಾನಿನ ಪ್ರಯಾಣವನ್ನು ನಿಶ್ಚಯಿಸಿದೆವು.

ನಿಶ್ಚಯಿಸಿದ ಮೇಲೆ ಮೊದಲು ಎದುರಾದವನು ದಲ್ಲಾಳಿ. ಆರು ರಾತ್ರಿ ಏಳು ಹಗಲು; ಐದು ದ್ವೀಪ; ವಾಹನ, ದೋಣಿ, ಊಟ, ವಸತಿ ಎಲ್ಲವೂ ಸೇರಿ ಇಂತಿಷ್ಟು ಎಂದು ಬಣ್ಣದ ಹಾಳೆಯೊಂದನ್ನು ಮುಂದಿಟ್ಟ. ನಾನು ಒಪ್ಪುವವನಿದ್ದೆ. ಮನೆಯಾಕೆ ಸೀಸದ ಕಡ್ಡಿ ತೆಗೆದುಕೊಂಡು ಆ ಹಾಳೆಯ ಬೆನ್ನಿನ ಮೇಲೆ ಲೆಕ್ಕ ಹಾಕಿದಳು: ಧಕ್ಕೆಯಲ್ಲಿ ಕಾಯುವುದಿಷ್ಟು ಹೊತ್ತು, ಹಡಗಿನಲ್ಲಿ ಕೂರುವುದಿಷ್ಟು, ವಾಹನದಲ್ಲಿಷ್ಟು, ಗಂಟು ಕಟ್ಟುವುದಕ್ಕೆ ಬಿಚ್ಚುವುದಕ್ಕೆ ಇಷ್ಟು. “ದ್ವೀಪವೇನೋ ಐದು. ದ್ವೀಪದ ಮೇಲೆ ನಾವು ನಿಲ್ಲುವುದು ಯಾವಾಗ, ರೀ?” ಎಂದು ಕೇಳಿದಳು. ದಲ್ಲಾಳಿಗೂ ಉತ್ತರ ತೋಚಲಿಲ್ಲ.

ನಮ್ಮ ಸೋದರಿಯವರ ಪ್ರಶ್ನೆಗೆ ಉತ್ತರದ ಮುಖ್ಯಭಾಗ ಈ ಲೆಕ್ಕದಲ್ಲಿಯೇ ಇದೆ. ಅಲ್ಲಿ ಸಮುದ್ರಕ್ಕೆ ಸುಂಕವಿಲ್ಲ, ಮರಳಿಗೆ ಬಾಡಿಗೆಯಿಲ್ಲ, ಸೂರ್ಯೋದಯಕ್ಕೆ ಚೀಟಿಯಿಲ್ಲ. ಹಣ ಹೋಗುವುದು ನೀರನ್ನು ದಾಟುವುದಕ್ಕೆ. ಒಂದೊಂದು ಸಲ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋದಾಗಲೂ ನಾಲ್ಕು ಜನರ ದೋಣಿಯ ಚೀಟಿ, ಎರಡು ಕಡೆಯ ವಾಹನದ ಬಾಡಿಗೆ, ಅರ್ಧ ದಿನದ ಹೊತ್ತು ಕೈಬಿಡುತ್ತವೆ. ನಮ್ಮ ಲೆಕ್ಕದ ಪುಸ್ತಕದಲ್ಲಿ, ಹಿಂದಿರುಗಿದ ಮೇಲೆ ಕೂಡಿಸಿ ನೋಡಿದಾಗ, ನೂರಕ್ಕೆ ಅರವತ್ತು ರೂಪಾಯಿ ದಾರಿಗೇ ಹೋಗಿತ್ತು. ಊಟ ವಸತಿಗಳಿಗೆ ಮೂವತ್ತೂ ಮುಟ್ಟಿರಲಿಲ್ಲ. ಹೋಗುವ ಕಡೆಗಳನ್ನು ಕಡಮೆ ಮಾಡಿ ಇರುವ ದಿನಗಳನ್ನು ಹೆಚ್ಚಿಸಿದರೆ ಅದೇ ಹಣದಲ್ಲಿ ಎರಡರಷ್ಟು ಸುಖವುಂಟು.

ದಾರಿಯ ವಿಚಾರ. ಅಂಡಮಾನಿನ ರಾಜಧಾನಿಯಾದ ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ; ವಿಮಾನದ ಚೀಟಿ ಕೊಳ್ಳುವಾಗ ಎರಡು ಹೆಸರೂ ತಿಳಿದಿರಲಿ. ಚೆನ್ನೈಯಿಂದ ಹಡಗಿನಲ್ಲಿಯೂ ಹೋಗಬಹುದು. ದಾರಿ ಸುಮಾರು ಮೂರು ದಿನ; ಸಾಲುಮಂಚದ ದರ್ಜೆಗೆ ದರ ಅಗ್ಗ. ಆದರೆ ಹಡಗುಗಳು ದಿನವೂ ಹೊರಡುವುದಿಲ್ಲ, ಹೊರಡುವ ದಿನವೂ ಬದಲಾಗುವುದುಂಟು. ಹೋಗಲು ಮೂರು, ಬರಲು ಮೂರು ದಿನವೆಂದರೆ ಒಂದು ವಾರದ ರಜೆ ನೀರಿನ ಮೇಲೆಯೇ ಕರಗಿತು. ನಿವೃತ್ತರಾದವರಿಗೆ, ಹೊಟ್ಟೆ ತೊಳಸದ ತರುಣರಿಗೆ ಅದು ತಕ್ಕದ್ದು. ಮಕ್ಕಳೊಂದಿಗರು ಬೆಂಗಳೂರಿನಿಂದಲೋ ಚೆನ್ನೈಯಿಂದಲೋ ವಿಮಾನದಲ್ಲಿ ಹೋಗುವುದು ಒಳ್ಳೆಯದು. ಎರಡು ಮೂರು ತಿಂಗಳು ಮುಂಚಿತವಾಗಿ ಚೀಟಿ ಕೊಂಡರೆ ದರದಲ್ಲಿ ಬಹಳ ಅಂತರವಿದೆ. ಇಡೀ ಪ್ರಯಾಣದಲ್ಲಿ ದೊಡ್ಡ ಉಳಿತಾಯ ಮಾಡಲು ಆಸ್ಪದವಿರುವುದು ಇದೊಂದೇ ಕಡೆ. ಊಟದಲ್ಲಿ ನಾಲ್ಕಾಣೆ ಉಳಿಸಲು ಹೋಗಿ ಮಕ್ಕಳ ಮುಖ ಸಣ್ಣದು ಮಾಡಬೇಕಾದುದಿಲ್ಲ.

ಕಾಲದ ವಿಚಾರದಲ್ಲಿ ನಾವು ತಪ್ಪು ಮಾಡಿದೆವು. ಡಿಸೆಂಬರಿನಿಂದ ಏಪ್ರಿಲಿನವರೆಗೆ ಅಲ್ಲಿಯ ಸಮುದ್ರ ಶಾಂತವಾಗಿರುತ್ತದೆ. ಅದರಲ್ಲಿಯೂ ಕ್ರಿಸ್ಮಸ್ಸಿನ ವಾರವನ್ನು ಬಿಟ್ಟರೆ ದರಗಳೂ ತಾಳುವಂತಿರುತ್ತವೆ. ನಾವು ಅಗ್ಗವೆಂದು ಮೇ ತಿಂಗಳ ಮೂರನೆಯ ವಾರವನ್ನು ಆರಿಸಿಕೊಂಡೆವು. ಕೇರಳಕ್ಕೆ ಜೂನ್ ಆರಂಭದಲ್ಲಿ ಬರುವ ಮುಂಗಾರು ಅಂಡಮಾನಿನ ಸಮುದ್ರಕ್ಕೆ ಮೇ 22ರ ಸುಮಾರಿಗೇ ಬರುವುದೆಂದು ಭೂಗೋಳದ ಪಾಠದಲ್ಲಿ ಓದಿದ್ದು ನೆನಪಿಗೆ ಬಂದದ್ದು ಅಲ್ಲಿ ಕೊಡೆ ಬಿಚ್ಚಿದ ಮೇಲೆ. ಶಾಲೆಯ ಬೇಸಗೆಯ ರಜೆಯಲ್ಲಿ ಹೋಗುವವರು ಏಪ್ರಿಲಿನಲ್ಲಿಯೇ ಹೋಗಿಬರಲಿ.

ಶ್ರೀ ವಿಜಯಪುರಂನಲ್ಲಿ ಎರಡು ರಾತ್ರಿ ಉಳಿದೆವು. ಅಲ್ಲಿ ಮೊದಲು ಹೊಂದಿಕೊಳ್ಳಬೇಕಾದದ್ದು ಗಡಿಯಾರಕ್ಕೆ. ಊರು ಬೆಂಗಳೂರಿಗಿಂತ ಹದಿನೈದು ರೇಖಾಂಶ ಪೂರ್ವಕ್ಕಿದೆ. ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ. ಆದುದರಿಂದ ಸೂರ್ಯ ನಮ್ಮೂರಿಗಿಂತ ಒಂದು ಗಂಟೆ ಮುಂಚೆಯೇ ಹುಟ್ಟಿ ಅಷ್ಟೇ ಮುಂಚೆ ಮುಳುಗುತ್ತಾನೆ. ಮೇ ತಿಂಗಳಲ್ಲಿ ಬೆಳಗ್ಗೆ ಐದಕ್ಕೆ ಬಿಸಿಲು, ಸಂಜೆ ಆರಕ್ಕೆ ಕತ್ತಲೆ. ಎಂಟು ಗಂಟೆಗೆ ಏಳುವವರು ಅರ್ಧ ದ್ವೀಪವನ್ನು ಕಳೆದುಕೊಂಡಂತೆಯೇ. ನಮ್ಮ ಮನೆಯಲ್ಲಿ ನಸುಕಿನಲ್ಲಿಯೇ ಏಳುವ ಪದ್ಧತಿಯಿರುವುದು ಅಲ್ಲಿ ಉಪಯೋಗಕ್ಕೆ ಬಂದಿತು.

ಸೆಲ್ಯುಲರ್ ಸೆರೆಮನೆಯನ್ನು ಬಿಡದೆ ನೋಡತಕ್ಕದ್ದು. ಪ್ರವೇಶಧನ ಅತ್ಯಲ್ಪ. 1896ರಲ್ಲಿ ಆರಂಭಿಸಿ 1906ರಲ್ಲಿ ಮುಗಿಸಿದ ಕಟ್ಟಡ. ನಡುವಣ ಗೋಪುರದಿಂದ ಬಂಡಿಚಕ್ರದ ಅರೆಕಾಲುಗಳಂತೆ ಏಳು ಸಾಲುಗಳು ಹೊರಟಿದ್ದುವು. ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೋಣೆಗಳ ಮುಖ ಮುಂದಿನ ಸಾಲಿನ ಬೆನ್ನಿಗೆ ಬರುವಂತೆ ಕಟ್ಟಿದ್ದಾರೆ. ಸೆರೆಯಾಳಿಗೆ ಇನ್ನೊಬ್ಬ ಸೆರೆಯಾಳಿನ ಮುಖ ಕಾಣಬಾರದೆಂದು ಹೀಗೆ ಮಾಡಿದ್ದು. ನಮ್ಮ ಹುಡುಗ ಒಂದು ಕೋಣೆಯೊಳಗೆ ಹೋಗಿ ಬಾಗಿಲೆಳೆದುಕೊಂಡು, ಒಂದು ನಿಮಿಷದಲ್ಲಿ ಹೊರಗೆ ಬಂದು, ತಾಯಿಯ ಪಕ್ಕದಲ್ಲಿ ನಿಂತುಕೊಂಡ. ಅದೇ ದ್ವೀಪದ ಸುತ್ತಣ ನೀರನ್ನು ನೋಡಲು ನಾವು ಬಳೆಯ ಹಣ ತಂದವರು. ಅವರಿಗೆ ಅದು ಕಾಲಾಪಾನಿ. ಆ ಸಂಜೆ ಯಾರೂ ಹೆಚ್ಚು ಮಾತಾಡಲಿಲ್ಲ.

ಎದುರಿಗಿರುವ ರಾಸ್ ದ್ವೀಪಕ್ಕೆ 2018ರಿಂದ ನೇತಾಜಿ ಸುಭಾಷ್ ಚಂದ್ರ ಬೋಸರ ಹೆಸರು. ದೊರೆಗಳಿದ್ದ ಬಂಗಲೆಗಳ ಗೋಡೆಗಳನ್ನು ಆಲದ ಬೇರುಗಳು ಅಪ್ಪಿ ಹಿಡಿದಿವೆ. ಜಿಂಕೆಗಳು ಅಂಗಳದಲ್ಲಿ ಮೇಯುತ್ತವೆ. ಅರ್ಧ ದಿನ ಸಾಕು. ಬಾರಾಟಾಂಗಿನ ಸುಣ್ಣದ ಗವಿಗಳಿಗೂ ಹೋಗಿಬನ್ನಿರೆಂದು ಬಾಡಿಗೆಯ ವಾಹನದವರು ಒತ್ತಾಯಿಸುತ್ತಾರೆ. ದಾರಿ ಜಾರವಾ ಜನರ ಕಾಡಿನೊಳಗೆ ಹಾದುಹೋಗುತ್ತದೆ. ಅವರ ಚಿತ್ರ ತೆಗೆಯುವುದು ಅಪರಾಧ. ಆದರೂ ಅವರನ್ನು ನೋಡುವ ಆಸೆಯಿಂದಲೇ ಹೋಗುವವರುಂಟು. ಮನುಷ್ಯರನ್ನು ಕಿಟಕಿಯಿಂದ ಇಣುಕಿ ನೋಡುವುದಕ್ಕೆ ಹಣ ಕೊಡುವುದು ನಮಗೆ ಒಗ್ಗಲಿಲ್ಲ. ಒಂದು ದಿನವೂ ಉಳಿಯಿತು.

ಮೂರನೆಯ ದಿನ ಫೀನಿಕ್ಸ್ ಬೇ ಧಕ್ಕೆಯಿಂದ ಸರ್ಕಾರದ ದೋಣಿಯಲ್ಲಿ ಶಹೀದ್ ದ್ವೀಪಕ್ಕೆ ಹೊರಟೆವು. ಖಾಸಗಿಯವರ ದೋಣಿಗಳು ವೇಗವಾಗಿ ಹೋಗುತ್ತವೆ, ತಣ್ಣನೆಯ ಗಾಳಿಯ ಕೋಣೆಯಲ್ಲಿ ಕೂರಿಸುತ್ತವೆ, ದರವೂ ಅದಕ್ಕೆ ತಕ್ಕಂತಿದೆ. ಸರ್ಕಾರದ ದೋಣಿಗೆ ಎರಡು ಗಂಟೆಯಾಗುತ್ತದೆ. ದ್ವೀಪವಾಸಿಗಳಿಗೆ ಮೊದಲ ಹಕ್ಕು, ನಮಗೆ ಉಳಿದದ್ದು. ಆದರೆ ಮೇಲಟ್ಟಕ್ಕೆ ಹೋಗಿ ನಿಲ್ಲಬಹುದು. ಹಾರುಮೀನುಗಳು ನೀರಿನಿಂದೆದ್ದು ತೂರಿ ಹೋಗುವುದನ್ನು ನಮ್ಮ ಹುಡುಗಿ ಎಣಿಸತೊಡಗಿ ನಲವತ್ತಕ್ಕೆ ಬಿಟ್ಟುಬಿಟ್ಟಳು. ಹೊಟ್ಟೆ ತೊಳಸುವವರು ದೋಣಿಯ ನಡುವೆ, ಕೆಳಗಿನ ಅಂತಸ್ತಿನಲ್ಲಿ ಕುಳಿತರೆ ಒಲೆದಾಟ ಕಡಮೆ. ಹೊರಡುವ ಮುನ್ನ ತುಂಬ ಉಣ್ಣಬಾರದು, ಬರಿಯ ಹೊಟ್ಟೆಯಲ್ಲಿಯೂ ಇರಬಾರದು. ಶುಂಠಿಯ ಚೂರು ಬಾಯಲ್ಲಿರಲಿ.

ಈ ದ್ವೀಪಕ್ಕೆ ಹಿಂದೆ ನೀಲ್ ಎಂದು ಹೆಸರು. ಪಕ್ಕದ ಹ್ಯಾವ್ಲಾಕ್ ಈಗ ಸ್ವರಾಜ್ ದ್ವೀಪ. 1943ರ ಡಿಸೆಂಬರ್ 30ರಂದು ನೇತಾಜಿಯವರು ಪೋರ್ಟ್ ಬ್ಲೇರಿನಲ್ಲಿ ಧ್ವಜವನ್ನೇರಿಸಿ, ಅಂಡಮಾನಿಗೆ ಶಹೀದ್ ಎಂದೂ ನಿಕೋಬಾರಿಗೆ ಸ್ವರಾಜ್ ಎಂದೂ ನಾಮಕರಣ ಮಾಡಲಿಚ್ಛಿಸಿದ್ದರ ಸ್ಮರಣೆಗಾಗಿ 75 ವರ್ಷಗಳ ಮೇಲೆ, 2018ರಲ್ಲಿ, ಈ ಹೆಸರುಗಳು ಬಂದುವು. ಊರುಗಳ ಹೆಸರುಗಳಾದರೋ ಅದಕ್ಕೆ ಮೊದಲಿನವು. ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದ ಒಕ್ಕಲಿಗರು ನೆಲಸಿದ ಹಳ್ಳಿಗಳಿವು. ಸ್ವರಾಜ್ ದ್ವೀಪದಲ್ಲಿ ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ಶಹೀದ್ ದ್ವೀಪದಲ್ಲಿ ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ. ಒಂದು ದ್ವೀಪಕ್ಕೆ ಭಾಗವತ, ಮತ್ತೊಂದಕ್ಕೆ ರಾಮಾಯಣ! ಮನೆ ಕಳೆದುಕೊಂಡು ಬಂದವರು ಹೊಸ ನೆಲಕ್ಕೆ ಇಂಥ ಹೆಸರುಗಳನ್ನು ಕಟ್ಟಿಕೊಂಡದ್ದನ್ನು ಕೇಳಿ ಮನೆಯಾಕೆಗೆ ಆ ಊರು ಆ ಕ್ಷಣದಿಂದಲೇ ಪರಿಚಿತವಾಗಿಬಿಟ್ಟಿತು.

ನಾವಿಳಿದ ಮನೆ ಕಡಲ ದಂಡೆಯಿಂದ ಎರಡು ಫರ್ಲಾಂಗು ಒಳಗೆ, ತರಕಾರಿ ತೋಟಗಳ ನಡುವೆ. ದಂಡೆಯ ಮೇಲಿನ ವಸತಿಗಳ ಬಾಡಿಗೆ ಇದರ ಮೂರರಷ್ಟು. ಹತ್ತು ನಿಮಿಷ ನಡೆಯಲು ಸಿದ್ಧರಿರುವವರಿಗೆ ಆ ಹಣ ಉಳಿಯುತ್ತದೆ. ಅಂಡಮಾನಿಗೆಲ್ಲ ತರಕಾರಿ ಬೆಳೆದುಕೊಡುವ ದ್ವೀಪವಾದ್ದರಿಂದ ಶಾಕಾಹಾರಿಗಳಿಗೆ ಉಪವಾಸದ ಭಯವಿಲ್ಲ. ಮನೆಯೊಡತಿಯಾದ ಬಂಗಾಳಿ ಅಜ್ಜಿ ಅನ್ನ, ಬೇಳೆ, ಬದನೆಕಾಯಿಯ ಕರಿದ ಹೋಳು, ಕುಂಬಳದ ಪಲ್ಯ ಬಡಿಸುತ್ತಿದ್ದರು. ನಮ್ಮ ಚಟ್ನಿಪುಡಿಯ ಡಬ್ಬಿ ಮೂರನೆಯ ದಿನ ಅವರ ಅಡಿಗೆಮನೆಗೆ ಸೇರಿತು. ಇಬ್ಬರು ಹೆಂಗಸರಿಗೂ ಹಿಂದಿ ಅಷ್ಟಕ್ಕಷ್ಟೆ. ಒಗ್ಗರಣೆಯ ವಿಷಯದಲ್ಲಿ ಮಾತಿನ ಅಗತ್ಯ ಕಾಣಲಿಲ್ಲ.

ದ್ವೀಪ ಸಣ್ಣದು. ಬಾಡಿಗೆಯ ಸೈಕಲ್ಲುಗಳ ಮೇಲೆ ಒಂದು ಬೆಳಗ್ಗೆ ತುದಿಯಿಂದ ತುದಿಗೆ ಹೋಗಬಹುದು. ಸೂರ್ಯೋದಯಕ್ಕೆ ಸೀತಾಪುರ, ಸೂರ್ಯಾಸ್ತಕ್ಕೆ ಲಕ್ಷ್ಮಣಪುರ, ಮಕ್ಕಳು ನೀರಿನಲ್ಲಿ ಆಡಲು ಭರತಪುರದ ಆಳವಿಲ್ಲದ ಕಡಲು. ಉಪ್ಪುನೀರಿನ ಮೊಸಳೆಗಳು ಆ ದ್ವೀಪಗಳಲ್ಲಿ ಉಂಟಾದ್ದರಿಂದ, ಈಜಬಾರದೆಂದು ಹಲಗೆ ಹಾಕಿರುವ ಕಡೆ ಕಾಲಿಡಕೂಡದು. ಸ್ಥಳದವರನ್ನು ಕೇಳಿಯೇ ಇಳಿಯಬೇಕು.

ಇಷ್ಟನ್ನೆಲ್ಲ ಎರಡು ದಿನಗಳಲ್ಲಿ ನೋಡಿ ಮುಗಿಸಿ ಸ್ವರಾಜ್ ದ್ವೀಪಕ್ಕೆ ಹೋಗುವುದೆಂದು ನಾನು ಗೊತ್ತುಮಾಡಿದ್ದೆ. ಎರಡನೆಯ ರಾತ್ರಿ ಗಾಳಿಯೆದ್ದಿತು. ಬೆಳಗ್ಗೆ ಧಕ್ಕೆಗೆ ಹೋದರೆ ದೋಣಿಗಳನ್ನು ನಿಲ್ಲಿಸಿದ್ದರು. ಮಾರನೆಯ ದಿನವೂ ಹಾಗೆಯೇ. ಸ್ವರಾಜ್ ದ್ವೀಪದಲ್ಲಿ ಮುಂಗಡ ಕೊಟ್ಟಿದ್ದ ಒಂದು ರಾತ್ರಿಯ ಬಾಡಿಗೆ ಮುಳುಗಿತು. ಅದಕ್ಕಿಂತ ಹೆಚ್ಚಿನ ಚಿಂತೆ ಹಿಂದಿರುಗುವ ವಿಮಾನದ್ದು. ನಾಲ್ಕು ಚೀಟಿಗಳು ಕೈತಪ್ಪಿದರೆ ಹೊಸ ಚೀಟಿಯ ಹಣವನ್ನು ಸಾಲ ತರಬೇಕಾಗಿತ್ತು. ಅಕ್ಕನ ಮಾತು ಕಿವಿಯಲ್ಲಿ ಮೊಳಗುತ್ತಿತ್ತು. ನಾನು ಜಗುಲಿಯ ಮೇಲೆ ಕುಳಿತು ಕೈಬೆರಳುಗಳಲ್ಲಿ ದಿನಗಳನ್ನು ಎಣಿಸುತ್ತಿದ್ದೆ.

ಮನೆಯಾಕೆ ಹೊರಡುವಾಗಲೇ ಒಂದು ಮಾತು ಹೇಳಿದ್ದಳು: ಮದುವೆಯ ಮನೆಗೆ ಹಿಂದಿನ ದಿನವೇ ಹೋಗುವಂತೆ ವಿಮಾನದ ಊರಿಗೂ ಒಂದು ದಿನ ಮುಂಚೆ ಹೋಗಿರಬೇಕೆಂದು. ಆ ಒಂದು ದಿನ, ಮತ್ತು ಸ್ವರಾಜ್ ದ್ವೀಪಕ್ಕೆಂದು ಇಟ್ಟ ಎರಡು ದಿನ, ಒಟ್ಟು ಮೂರು ದಿನಗಳ ಅವಕಾಶ ನಮಗಿತ್ತು. ಅದಿಲ್ಲದಿದ್ದರೆ ಈ ಲೇಖನದ ಸ್ವರ ಬೇರೆಯಾಗುತ್ತಿತ್ತು. ದ್ವೀಪಕ್ಕೆ ಹೋಗುವವರು ಕಡೆಯ ರಾತ್ರಿಯನ್ನು ವಿಮಾನವಿರುವ ಊರಿನಲ್ಲಿಯೇ ಕಳೆಯಬೇಕೆಂಬುದನ್ನು ನಿಯಮವೆಂದೇ ತಿಳಿಯತಕ್ಕದ್ದು.

ಎಣಿಸುವುದರಿಂದ ಗಾಳಿ ನಿಲ್ಲದೆಂದು ತಿಳಿದ ಮೇಲೆ ನಾನೂ ಎದ್ದೆ. ಮಳೆ ಹಗಲೆಲ್ಲ ಸುರಿಯುತ್ತಿರಲಿಲ್ಲ. ಬಂದು ಬಡಿದು ಹೋಗುತ್ತಿತ್ತು. ಹುಣ್ಣಿಮೆಯ ಸಮಯ. ಉಬ್ಬರವಿಳಿತಗಳು ದಿನಕ್ಕೆ ಎರಡೆರಡು ಸಲ ಬರುವುದನ್ನೂ, ದಿನದಿನಕ್ಕೆ ಮುಕ್ಕಾಲು ಗಂಟೆಗೂ ತುಸು ಹೆಚ್ಚಾಗಿ ತಡವಾಗುವುದನ್ನೂ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಎಲ್ಲಕ್ಕಿಂತ ಹೆಚ್ಚು ಏರಿ ಹೆಚ್ಚು ಇಳಿಯುವುದನ್ನೂ ನಮ್ಮ ವಾಚಕರು ಬಲ್ಲರು. ಹಾಗೆ ಇಳಿದಾಗ ಲಕ್ಷ್ಮಣಪುರದ ಆಚೆಯ ದಂಡೆಯಲ್ಲಿ ಕಡಲು ಹಿಂದೆ ಸರಿದು, ಮುಳುಗಿದ್ದ ಬಂಡೆಯ ನೆಲವೆಲ್ಲ ತೆರೆದುಕೊಳ್ಳುತ್ತದೆ. ಅಲ್ಲಿಯ ಬಂಡೆಯ ಕಮಾನಿನವರೆಗೆ ಕಾಲು ನೆನೆಯದಂತೆ ನಡೆದು ಹೋಗಬಹುದು. ನಡುನಡುವೆ ಉಳಿದ ನೀರಿನ ಗುಂಡಿಗಳಲ್ಲಿ ನೀಲಿಯ ಸಣ್ಣ ಮೀನು, ನಕ್ಷತ್ರಮೀನು, ಬಾಯಿ ತೆರೆದು ನೆರಳು ಬಿದ್ದೊಡನೆ ಮುಚ್ಚಿಕೊಳ್ಳುವ ದೊಡ್ಡ ಚಿಪ್ಪು, ಶಂಖವನ್ನು ಹೊತ್ತು ತಿರುಗುವ ಏಡಿ. ಹವಳದ ಮೇಲೆ ಕಾಲಿಡದೆ ಮರಳಿನ ಎಡೆಗಳಲ್ಲಿಯೇ ನಡೆಯಬೇಕು. ಅದು ಕಲ್ಲಲ್ಲ, ಜೀವ. ಹಳೆಯ ಬಟ್ಟೆಯ ಜೋಡುಗಳಿದ್ದರೆ ಒಳ್ಳೆಯದು.

ಎರಡು ದಿನವೂ ಇಳಿತದ ಹೊತ್ತಿಗೆ ನಾವು ಅಲ್ಲಿದ್ದೆವು. ಮೊದಲ ದಿನ ನೋಡಿದ್ದಕ್ಕಿಂತ ಎರಡನೆಯ ದಿನ ಹೆಚ್ಚು ಕಂಡಿತು. ದಲ್ಲಾಳಿಯ ಹಾಳೆಯಲ್ಲಿ ಈ ಸ್ಥಳಕ್ಕೆ ಕೊಟ್ಟಿದ್ದದ್ದು ನಲವತ್ತೈದು ನಿಮಿಷ. ಅಷ್ಟರಲ್ಲಿ ನೀರು ಇಳಿದಿರುವುದೋ ಏರಿರುವುದೋ ಯಾರು ಬಲ್ಲರು? ಮನೆಯಾಕೆ ಒಂದು ಗುಂಡಿಯ ಪಕ್ಕದಲ್ಲಿ ಸೀರೆಯ ನೆರಿಗೆ ಸಿಕ್ಕಿಸಿ ಕುಕ್ಕರಗಾಲಿನಲ್ಲಿ ಕುಳಿತವಳು, ನೀರು ಮತ್ತೆ ಏರುತ್ತ ಬಂದು ಪಾದ ಮುಟ್ಟುವವರೆಗೆ ಏಳಲಿಲ್ಲ. “ಇಷ್ಟು ನೀರು ಹೋಗಿ, ಕೇಳದೆಯೇ ತಿರುಗಿ ಬರುತ್ತದಲ್ಲ!” ಎಂದಳು. ಕೆರೆ ಬತ್ತಿದರೆ ವರ್ಷಗಟ್ಟಲೆ ಕಾಯುವ ಸೀಮೆಯವಳ ಮಾತು.

ಹುಡುಗ ಬಿಳಿಯ ಹವಳದ ತುಂಡೊಂದನ್ನು ಚಡ್ಡಿಯ ಜೇಬಿನಲ್ಲಿ ತಂದಿದ್ದ. ಅಜ್ಜಿ ಕಂಡು ಬೆರಳಾಡಿಸಿದರು. ಹವಳವನ್ನು ದ್ವೀಪದಿಂದ ಹೊರಗೆ ಒಯ್ಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಸತ್ತ ತುಂಡಿಗೂ ವಿನಾಯಿತಿಯಿಲ್ಲ, ವಿಮಾನನಿಲ್ದಾಣದಲ್ಲಿ ಗಂಟು ತಪಾಸಣೆಯೂ ಉಂಟು. ಅವನು ಅತ್ತ. ಮಾರನೆಯ ಇಳಿತದಲ್ಲಿ ತಾನೇ ಅದನ್ನು ತೆಗೆದ ಜಾಗದಲ್ಲಿಟ್ಟು ಬಂದ. ಜಾಗ ಅದೇ ಎಂದು ಅವನ ಹಟ, ನಾವು ಒಪ್ಪಿಕೊಂಡೆವು.

ಮೂರನೆಯ ಬೆಳಗ್ಗೆ ದೋಣಿ ಬಿಟ್ಟರು. ಧಕ್ಕೆಯಲ್ಲಿ ಮೂರು ದಿನದ ಜನ ಸೇರಿದ್ದುದರಿಂದ ನಾಲ್ಕು ಗಂಟೆ ಸಾಲಿನಲ್ಲಿ ನಿಂತು ಮಧ್ಯಾಹ್ನದ ದೋಣಿಯಲ್ಲಿ ಸ್ಥಳ ದೊರಕಿತು. ಹೆಚ್ಚು ಉಳಿದ ಎರಡು ರಾತ್ರಿಗೆ ಅಜ್ಜಿ ಅರ್ಧ ಬಾಡಿಗೆಯನ್ನಷ್ಟೇ ತೆಗೆದುಕೊಂಡರು. ದ್ವೀಪದಲ್ಲಿ ಹಣದ ಯಂತ್ರಗಳನ್ನು ನಂಬಿಕೊಂಡಿರಲಾಗದು, ದೂರವಾಣಿಯ ಪಾವತಿಯೂ ಮಳೆಗಾಳಿಯಲ್ಲಿ ಕೈಕೊಡುವುದುಂಟು. ನಮ್ಮಲ್ಲಿ ನಗದು ಇದ್ದುದರಿಂದ ಮುಖ ಉಳಿಯಿತು. ರಾಧಾನಗರದ ಹೆಸರಾಂತ ದಂಡೆಯನ್ನು ನಾವು ನೋಡಲೇ ಇಲ್ಲ. ನೋಡಿ ಬಂದವರು ಬಹಳ ಚೆನ್ನಾಗಿದೆಯೆನ್ನುತ್ತಾರೆ, ಇರಲೇಬೇಕು.

ಹಾಸನದ ಸೋದರಿಯವರಿಗೆ ಇನ್ನೆರಡು ಮಾತು. ಮೊದಲು ಪಂಚಾಂಗ ತೆಗೆದು, ಜನವರಿಯಿಂದ ಏಪ್ರಿಲಿನೊಳಗೆ ಮಕ್ಕಳ ರಜೆಗೆ ಹತ್ತಿರವಾದ ಹುಣ್ಣಿಮೆಯನ್ನೋ ಅಮಾವಾಸ್ಯೆಯನ್ನೋ ಗುರುತಿಸಿಕೊಳ್ಳಲಿ. ಆಮೇಲೆ ವಿಮಾನದ ಚೀಟಿ. ರಾಜಧಾನಿಯಲ್ಲಿ ಮೊದಲಿಗೆ ಎರಡು ರಾತ್ರಿ, ಒಂದೇ ಸಣ್ಣ ದ್ವೀಪದಲ್ಲಿ ನಾಲ್ಕು ರಾತ್ರಿ, ಮತ್ತೆ ರಾಜಧಾನಿಯಲ್ಲಿ ಒಂದು ರಾತ್ರಿ. ಎರಡನೆಯ ದ್ವೀಪವನ್ನು ಯಾರೆಷ್ಟು ಹೊಗಳಿದರೂ ಮುಂಗಡ ಕೊಡುವುದು ಬೇಡ.

ನಮ್ಮ ಖಾತೆಯಲ್ಲಿ ಉಳಿದ ಅಲ್ಪ ಹಣದಿಂದ ಮನೆಯಾಕೆ ಅಂಚೆ ಕಛೇರಿಯಲ್ಲಿ ಹೊಸ ಖಾತೆಯನ್ನು ತೆರೆದಳು. ಎರಡು ತಿಂಗಳಾದ ಮೇಲೆ ಅಕ್ಕ ಬಂದವಳು, ಆ ಗುಂಡಿಯಲ್ಲಿದ್ದ ಚಿಪ್ಪು ನಿಜವಾಗಿಯೂ ನೆರಳಿಗೇ ಮುಚ್ಚಿಕೊಳ್ಳುತ್ತಿತ್ತೇ ಎಂದು ಎರಡು ಸಲ ಕೇಳಿದಳು. ಹೋಗುವಾಗ ಸೆರಗಿನ ಗಂಟು ಬಿಚ್ಚಿ ಐದು ನೂರರ ಒಂದು ನೋಟನ್ನು ಮನೆಯಾಕೆಯ ಕೈಗಿಟ್ಟು, “ನನ್ನದೂ ಅದರಲ್ಲೇ ಕಟ್ಟಮ್ಮ, ತಿಂಗಳು ತಿಂಗಳು ಕೊಡುತ್ತೇನೆ. ಬಳೆಗಲ್ಲ” ಎಂದಳು.